ಎಡತೋಳಿನ ಶಕುನ

ಪ್ರೀತಿಯ ಅತ್ತಿಗೆಗೆ,

ಈ ಕಾಗದವನ್ನು ನೀವು ಒಬ್ಬರೇ ಕೂತು ಓದಬೇಕು. ದುರ್ಗಾಂಬಿಕಾ ಕೈಲಿ ಓದಿಸಬೇಡಿ, ನಿಮ್ಮ ತಂಗಿ ಅರ್ಧಕ್ಕೇ ಅಳುತ್ತಾಳೆ. ಹಿಡಿದುಕೊಳ್ಳುವುದು ಕಷ್ಟವಾದರೆ ತೊಡೆಯ ಮೇಲೆ ಮೊರ ಇಟ್ಟು ಅದರ ಮೇಲೆ ಹರಡಿಕೊಳ್ಳಿ.

ಫೋನಿನಲ್ಲಿ ಹೇಳಬಹುದಿತ್ತು. ಹೇಳಲು ಹೊರಟು ಊಟ ಆಯ್ತಾ ಎಂದು ಕೇಳಿ ಇಟ್ಟಿದ್ದೇನೆ, ಒಂದು ಸಲವಲ್ಲ. ಆದರೆ ಮೊನ್ನೆ ದುರ್ಗಾಂಬಿಕಾ, ನೀವೀಗ ಇರುವ ಜಗಳೂರಿನ ತನ್ನ ಮನೆಯಿಂದ, ಫೋನ್ ಮಾಡಿ ಹೇಳಿದ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. "ಅಕ್ಕ ಬೆಳಗಾದ್ರೆ ಆ ರಬ್ಬರ್ ಚೆಂಡು ಹಿಡ್ಕಂಡು ಕುಂದರ್ತಾಳೆ ಕಣಕ್ಕ. ಬೆರಳು ಮಡಚಾಕೆ ಬರಲ್ಲ. ನಾನೇ ಮೈಗಳ್ಳಿ, ಮನಸಿಟ್ಟು ಮಾಡ್ತಿಲ್ಲ ಅಂತ ಬಲಗೈಯಿಂದ ಎಡಗೈಗೆ ಹೊಡ್ಕಂತಾಳೆ" ಎಂದಳು.

ಆ ಚೆಂಡನ್ನು ಕೊಡಿಸಿದ್ದು ಭೀಮೇಶಣ್ಣ. ಅವನು ಕೊಡಿಸುವಾಗ ಪಕ್ಕದಲ್ಲಿದ್ದು ತಲೆಯಾಡಿಸಿದವಳು ನಾನು.

ಮೊದಲ ಸಲ ನಿಮ್ಮ ತೋಳು ಅದುರಿದ್ದು ನೆನಪಿದೆಯಾ? ನೀವಿನ್ನೂ ದೂರದ ಡಿಪೋದಲ್ಲಿ ಕಂಡಕ್ಟರ್ ಆಗಿದ್ದಿರಿ. ಯುಗಾದಿಗೆ ರಜೆ ಹಾಕಿ ಹೊನ್ನಾಳಿಗೆ ಬಂದಾಗ ಹೋಳಿಗೆ ತಟ್ಟುತ್ತಾ "ಅತ್ತೇ, ಇಲ್ನೋಡ್ರಿ, ಒಳಗೆ ಹುಳ ಹರಿದಂಗೆ ಆಗ್ತೈತೆ" ಎಂದು ಎಡತೋಳು ತೋರಿಸಿದಿರಿ. ಅವ್ವ ಕನ್ನಡಕ ಹಾಕಿಕೊಂಡು ನೋಡಿ, "ಹೆಣ್ಣಿಗೆ ಎಡ ಅದುರಿದ್ರೆ ಒಳ್ಳೇದು ಕಣವ್ವ. ನಿಂಗೆ ಟ್ರಾನ್ಸ್‌ಫರ್ ಆಗಾದೇ ಸೈ" ಎಂದಳು. ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಹೊನ್ನಾಳಿಗೆ ಆರ್ಡರ್ ಬಂದೇ ಬಂತು. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ಆಮೇಲೆ ತೋಳು ಅದುರಿದಾಗಲೆಲ್ಲ ನೀವು ನಗುತ್ತಾ ಅದನ್ನು ಮುಟ್ಟಿಕೊಳ್ಳುತ್ತಿದ್ದಿರಿ, "ಇನ್ನೇನು ಕೊಡ್ತೈತೋ" ಎಂದು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನೂ ನಕ್ಕೆ. ಅದುರಿದ್ದೆಲ್ಲ ರೋಗವಲ್ಲ, ನಿದ್ದೆಗೆಟ್ಟರೆ ನನ್ನ ರೆಪ್ಪೆಯೂ ಅದುರುತ್ತದೆ. ಆದರೆ ನಿಮ್ಮ ಕೈ ಸಣ್ಣಗಾಗುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಬಂದ ಶಕುನ ಫಲಿಸಿತ್ತಲ್ಲ, ಇನ್ನು ಅದರ ಕಡೆ ನೋಡುವವರು ಯಾರು?

ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮದೇ ಬಸ್ಸಿನಲ್ಲಿ. ಹೊನ್ನಾಳಿಯಲ್ಲಿ ಉಳಿದು, ಬೆಳಿಗ್ಗೆ ಕಾಲೇಜಿಗೆಂದು ನ್ಯಾಮತಿಗೆ ಹೊರಟಿದ್ದೆ. ನೀವು ಸೀಟಿ ಬಾಯಿಗಿಟ್ಟು ಊದಿದಿರಿ, ಗಾಳಿ ತುಟಿಯ ಅಂಚಿನಿಂದ ಸೋರಿತು. ಮುಂದೆ ನಿಂತಿದ್ದ ಒಬ್ಬಾತ "ಏನ್ರೀ ಕಂಡಕ್ಟ್ರಮ್ಮ, ಸೀಟಿ ಮನೇಲಿ ಬಿಟ್ಟು ಬಂದೀರಾ?" ಎಂದ. "ಊದಾಕೆ ನಿಮ್ಮನ್ನೇ ಕರೀತೀನಿ, ಮೊದ್ಲು ಟಿಕೆಟ್ ತಗಳ್ರಿ" ಎಂದು ನೀವು ಬಾಯಿ ಮುಚ್ಚಿಸಿದಿರಿ. ಅಷ್ಟರಲ್ಲಿ ಡ್ರೈವರ್ ಕೆಂಚೇಶ್ ಕನ್ನಡಿ ನೋಡಿ ಬಸ್ಸು ಬಿಟ್ಟಿದ್ದ. ನೀವು ಬಸ್ಸಿನ ತಗಡು ಬಡಿದು ನಿಲ್ಲಿಸಿದಿರಿ. "ಇನ್ನೊಂದು ಮುದುಕಿ ಹತ್ತಾಕತ್ತೈತೆ. ನಾನು ರೈಟ್ ಅನ್ನೋವರೆಗೂ ಬಸ್ಸು ಅಲುಗಾಡಬಾರ್ದು, ಕೆಂಚೇಶ." ಬಸ್ಸು ಹೊರಟ ಮೇಲೆ ಕಂಬಕ್ಕೆ ಎಡಗೈ ಸುತ್ತಿಕೊಂಡಿರಿ. ಬೆರಳಿನಿಂದಲ್ಲ, ಮೊಣಕೈಯಿಂದ. ಆಗ ನನಗೆ ಭಯವಾಯಿತು.

ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದನ್ನು ಈಗ ಹೇಳುತ್ತೇನೆ. ನೀವು ನನ್ನ ಮತ್ತು ಅಣ್ಣನ ನಡುವೆಯೇ ಕೂತಿದ್ದಿರಿ. ಅವರು ಇಂಗ್ಲಿಷಿನಲ್ಲಿ ಹೇಳಿದರು. ನಿಮ್ಮ ಮುಂದೆಯೇ ಹೇಳಿದರು, ನಿಮಗೆ ಹೇಳಲಿಲ್ಲ. ಹೊರಗೆ ಬಂದು "ಏನಂದ್ರು?" ಎಂದು ನೀವು ಕೇಳಿದ್ದು ನನ್ನನ್ನು. ನಾನು ಅಣ್ಣನ ಮುಖ ನೋಡಿದೆ. "ನರ ವೀಕ್ ಆಗೈತಂತೆ. ವ್ಯಾಯಾಮ ಮಾಡಿದ್ರೆ ತಾಕತ್ತು ಬರ್ತೈತಂತೆ" ಎಂದ. ಅವನನ್ನು ಬೈಯಬೇಡಿ. ಆ ದಿನ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಬೈಕಿಗೆ ಒರಗಿ "ಹೇಳಿದ್ರೆ ಅವಳು ಇವತ್ತೇ ಸತ್ತಂಗೆ, ಪುಷ್ಪಾ" ಎಂದು ಅತ್ತವನು ಅವನು.

ಇದಕ್ಕೆ ಮೋಟಾರ್ ನ್ಯೂರಾನ್ ಕಾಯಿಲೆ ಎನ್ನುತ್ತಾರೆ. ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವ ಚಿತ್ರದಲ್ಲೇ ಇದೆಲ್ಲ ಇದೆ. ಓದಿದ್ದು, ಕಲಿಸುವುದು ಎಲ್ಲ ಇಂಗ್ಲಿಷಿನಲ್ಲಾಗಿ, ಮನೆಯವರಿಗೆ ಹೇಳುವ ಮಾತು ನನ್ನ ಬಳಿ ಇರಲಿಲ್ಲವೋ, ಇಲ್ಲವೆಂದುಕೊಳ್ಳುವುದು ಸುಲಭವಾಗಿತ್ತೋ, ನನಗೇ ತಿಳಿಯದು. ಈಗ ಪ್ರಯತ್ನಿಸುತ್ತೇನೆ.

ಸ್ನಾಯುವಿನೊಳಗೆ ದಪ್ಪ ಎಳೆ, ಸಣ್ಣ ಎಳೆ ಅಕ್ಕಪಕ್ಕ ಇರುತ್ತವೆ. ಮುಷ್ಟಿ ಬಿಗಿಯುವಾಗ ಯಾವ ಎಳೆಯೂ ಗಿಡ್ಡವಾಗುವುದಿಲ್ಲ. ದಪ್ಪ ಎಳೆಯಲ್ಲಿ ಪುಟ್ಟ ಕೈಗಳಂಥವು ಇವೆ. ಬಾವಿಯ ಹಗ್ಗ ಸೇದುವ ಹಾಗೆ ಅವು ಸಣ್ಣ ಎಳೆಯನ್ನು ಹಿಡಿದು ಎಳೆದು, ಬಿಟ್ಟು, ಮತ್ತೆ ಮುಂದಕ್ಕೆ ಹಿಡಿದು ಎಳೆಯುತ್ತವೆ. ಒಂದರ ಪಕ್ಕ ಒಂದು ಜಾರುತ್ತಾ ಹೋಗಿ ಸ್ನಾಯು ಗಿಡ್ಡವಾಗುತ್ತದೆ, ಬೆರಳು ಮಡಚುತ್ತದೆ. ಆದರೆ ಸೇದು ಎಂದು ಹೇಳಿಕಳಿಸುವುದು ಮಿದುಳು. ಆ ಮಾತು ನೇರವಾಗಿ ಕೈಗೆ ಬರುವುದಿಲ್ಲ. ಹೊನ್ನಾಳಿಯಿಂದ ಜಗಳೂರಿಗೆ ಹೋಗುವವರು ದಾವಣಗೆರೆಯಲ್ಲಿ ಇಳಿದು ಬೇರೆ ಬಸ್ಸು ಹತ್ತುವ ಹಾಗೆ, ಅದು ಬೆನ್ನುಹುರಿಯವರೆಗೆ ಒಂದು ನರದಲ್ಲಿ ಬಂದು, ಅಲ್ಲಿಂದ ಸ್ನಾಯುವಿಗೆ ಇನ್ನೊಂದು ನರ ಹಿಡಿಯುತ್ತದೆ. ನಿಮ್ಮಲ್ಲಿ ಈ ಎರಡೂ ಕಡೆಯ ಬಸ್ಸುಗಳು ಒಂದೊಂದಾಗಿ ನಿಲ್ಲುತ್ತಿವೆ. ನಿಲ್ಲುವ ಮೊದಲು ಕೊನೆಯ ನರ ಯಾರೂ ಹೇಳದೆಯೇ ತಾನಾಗಿ ಮಿಡುಕುತ್ತದೆ. ನಾವು ಶಕುನ ಎಂದುಕೊಂಡದ್ದು ಅದನ್ನು.

ಹಾಗಾಗಿ ಚೆಂಡು ಹಿಚುಕಿದರೆ ಅದು ಸರಿಹೋಗುವುದಿಲ್ಲ, ಅತ್ತಿಗೆ. ನೀವು ಮನಸಿಟ್ಟೇ ಮಾಡುತ್ತಿದ್ದೀರಿ. ಮನಸ್ಸು ಹೇಳಿಕಳಿಸುತ್ತಲೇ ಇದೆ. ತಲುಪುತ್ತಿಲ್ಲ. ಆ ಕೈಗೆ ಹೊಡೆಯಬೇಡಿ. ಏಕೆಂದರೆ ಮುಟ್ಟಿದ್ದು, ನೊಂದದ್ದು ತಿಳಿಸುವ ನರಗಳೇ ಬೇರೆ, ಅವಕ್ಕೆ ಏನೂ ಆಗಿಲ್ಲ. ಹೊಡೆದ ಪೆಟ್ಟು ಪೂರ್ತಿ ನಿಮಗೇ ತಗಲುತ್ತದೆ.

ಇದಕ್ಕೆ ವಾಸಿಯಾಗುವ ಮದ್ದಿಲ್ಲ. ನೀವು ನುಂಗುತ್ತಿರುವ ಮಾತ್ರೆ ತಾಕತ್ತಿನದಲ್ಲ, ಇದನ್ನು ಸ್ವಲ್ಪ ನಿಧಾನ ಮಾಡುವಂಥದ್ದು. ಕಾಲು, ನುಂಗುವುದು, ಮಾತು, ಆಮೇಲೆ ಉಸಿರು ಒಂದೊಂದಾಗಿ ಕಷ್ಟವಾಗಬಹುದು. ಯಾವುದು ಯಾವಾಗ ಎಂದು ಡಾಕ್ಟರಿಗೂ ಗೊತ್ತಿಲ್ಲ. ಹೃದಯ ಈ ದಾರಿಯಲ್ಲಿಲ್ಲ, ಅದರ ವ್ಯವಸ್ಥೆಯೇ ಬೇರೆ. ಕಣ್ಣಿನ ಚಲನೆ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಇದನ್ನು ನಿಮಗಾಗಿ ಬರೆಯುತ್ತಿದ್ದೇನೋ, ನನ್ನ ಎದೆಯ ಭಾರ ನಿಮ್ಮ ಮೇಲೆ ಇಳಿಸುತ್ತಿದ್ದೇನೋ ಎಂದು ಕೇಳಿಕೊಂಡೆ. ಎರಡೂ ಇರಬಹುದು. ಅಣ್ಣ ನನ್ನ ಜೊತೆ ಮಾತು ಬಿಡಬಹುದು. ನೀವೂ ಬಿಡಬಹುದು. ಆದರೆ ಮುಂದೆ ಗಂಟಲಿಗೆ ನಳಿಕೆ ಹಾಕಬೇಕೆ, ಉಸಿರಿಗೆ ಯಂತ್ರ ಬೇಕೆ ಎಂದು ಒಂದು ದಿನ ಯಾರಾದರೂ ಕೇಳುತ್ತಾರೆ. ಆಗ ಅಣ್ಣನೂ ನಾನೂ ಮತ್ತೆ ನಿಮ್ಮನ್ನು ನಡುವೆ ಕೂರಿಸಿಕೊಂಡು ನಮ್ಮಷ್ಟಕ್ಕೇ ಮಾತಾಡಿ ಮುಗಿಸುವುದು ನನಗೆ ಬೇಡ. ನಿಮಗಿನ್ನೂ ಮಾತಿದೆ. ಬೇಕು, ಬೇಡ ಎನ್ನುವುದು ನಿಮ್ಮ ಬಾಯಿಂದಲೇ ಬರಲಿ. ಜಗಳೂರಿನಲ್ಲೇ ಇರುತ್ತೀರೋ, ಹೊನ್ನಾಳಿಗೆ ಬರುತ್ತೀರೋ, ನ್ಯಾಮತಿಯ ನನ್ನ ಮನೆಗೆ ಬರುತ್ತೀರೋ, ಅದೂ.

ನೀವು ರೈಟ್ ಅನ್ನುವ ಮೊದಲೇ ನಾವು ಬಸ್ಸು ಬಿಟ್ಟುಬಿಟ್ಟಿದ್ದೆವು, ಅತ್ತಿಗೆ. ಈಗ ನಿಲ್ಲಿಸಿದ್ದೇನೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಜಗಲಿಯ ಮೇಲೆ ಕೂತಿರುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ. ಆ ಚೆಂಡನ್ನು ದುರ್ಗಾಂಬಿಕಾ ಮನೆಯ ಮಕ್ಕಳಿಗೆ ಕೊಟ್ಟುಬಿಡಿ.

ಅಲ್ಲಿಯವರೆಗೆ ನಿಮಗೆ ಒಂದಿಷ್ಟು ನಿದ್ದೆ ಬರಲಿ. ನಿಮ್ಮ ಎಡಗೈಯನ್ನು ಯಾರಾದರೂ ಹಿಡಿದು ಕೂತಿರಲಿ.

ನಿಮ್ಮ ಮಾತಿಗೆ ಕಾದಿರುವ ನಾದಿನಿ,
ಪುಷ್ಪಾವತಿ
ನ್ಯಾಮತಿ