ಕನ್ನಡಿಯ ಮೇಲಿದ್ದ ಟವೆಲ್

ರೀ,

ನಾನು ಹೊಲಿಗೆ ಅಂಗಡಿಗೆ ಹೊರಟೆ. ಸೂಪು ಫ್ಲಾಸ್ಕಿನಲ್ಲಿದೆ. ಹೊಸ ಕೆನ್ನೆಗೆ ಬಿಸಿ ಗೊತ್ತಾಗುವುದಿಲ್ಲ, ಬೆರಳಿಗೆ ತಾಗಿಸಿ ನೋಡಿ ಕುಡಿಯಿರಿ.

ಕನ್ನಡಿಗೆ ನೀವು ಹೊದಿಸಿದ್ದ ಟವೆಲನ್ನು ಒಗೆಯಲು ಹಾಕಿದ್ದೇನೆ. ಬೇರೆ ಹುಡುಕಬೇಡಿ, ಎಲ್ಲವನ್ನೂ ನೆನೆಸಿದ್ದೇನೆ. ಸಿಟ್ಟು ಬಂದರೆ ಸಂಜೆ ಬೈಯಿರಿ.

ಇನ್ನು ಸ್ವಲ್ಪ ಹೊತ್ತಿಗೆ ಪಕ್ಕದ ಬೀದಿಯ ಮೇಷ್ಟ್ರು ಬರುತ್ತಾರೆ. ನೀವು ಸಲೂನು ಮುಚ್ಚಿದ ದಿನದಿಂದ ಗಡ್ಡ ಬಿಟ್ಟುಕೊಂಡು ಕೂತಿದ್ದಾರೆ. “ಗಡ್ಡೆ ಬಂದಿದ್ದು ಅವನ ಕೆನ್ನೆಗೆ ತಾನೇ, ಕೈಗಲ್ಲವಲ್ಲ? ಬೇರೆಯವರ ಕತ್ತಿಗೆ ನಾನು ಕುತ್ತಿಗೆ ಕೊಡಲ್ಲಮ್ಮ” ಅಂದರು. ಕತ್ತಿ, ಬ್ರಶ್ಶು ಮೇಜಿನ ಮೇಲಿವೆ.

ಎಡಗೈಯ ಚರ್ಮ ತಂದು ಮುಖಕ್ಕೆ ಹೊಲಿದಿದ್ದಾರೆ, ಅಸಹ್ಯ ಅಂತೀರಿ. ಹೊಲಿಗೆಯವಳ ಮಾತು ಕೇಳಿ, ತೇಪೆ ಚೆನ್ನಾಗಿ ಕೂತಿದೆ. ಇಷ್ಟು ವರ್ಷ ಬೀದಿಯವರ ಕೆನ್ನೆಯನ್ನೆಲ್ಲ ಹಿಡಿದ ಕೈ ಈಗ ನಿಮ್ಮ ಕೆನ್ನೆ ಹಿಡಿದಿದೆ, ಅಷ್ಟೆ.

ಅದರ ಮೇಲೆ ಕೈಕೂದಲು ಬೆಳೆದಿದೆ. ಬೋಳಿಸಬಹುದು ಅಂತ ಡಾಕ್ಟರು ಹೇಳಿಯಾಗಿದೆ. ಮೇಷ್ಟ್ರದ್ದು ಮುಗಿದ ಮೇಲೆ ನೀವೂ ಮಾಡಿಕೊಳ್ಳಿ. ಕಣ್ಣು ಮುಚ್ಚಿ ಬೋಳಿಸಿಕೊಳ್ಳುವ ಜಂಬ ಅಲ್ಲಿ ನಡೆಯದು, ಕತ್ತಿ ತಾಗಿದರೂ ತಿಳಿಯುವುದಿಲ್ಲ. ಕನ್ನಡಿ ನೋಡಿಕೊಂಡೇ ಮಾಡಬೇಕು.

ಸಂಜೆ ಬಂದು ಎರಡೂ ಕೆನ್ನೆ ಸವರಿ ನೋಡುತ್ತೇನೆ. ಒಂದು ಕೂದಲೂ ಸಿಗಬಾರದು.