ಹಾಜರಿಗೆ ಎತ್ತಿದ ಕೈ

ಬೆಟಗೇರಿ
ತಾ. ೨೪-೧-೧೯೫೭

ಪ್ರೀತಿಯ ಮೊಮ್ಮಗ ಗೋವಿಂದಪ್ಪನಿಗೆ ನಿನ್ನ ಆಯಿಯ ಆಶೀರ್ವಾದ, ಬೈಗುಳದ ಜತೆಗೆ.

ಮೈಯಲ್ಲಿ ಹೇಗಿದ್ದೀ? ಧಾರವಾಡದ ಥಂಡಿಗೆ ಹಿಡಿದ ಕೆಮ್ಮು ಬಿಟ್ಟಿತೋ, ಇಲ್ಲ ಅದಕ್ಕೂ ಹೋಗೆನ್ನಲು ನಾಚಿಕೆಯೋ? ಬೋರ್ಡಿಂಗಿನ ಪಂಕ್ತಿಯಲ್ಲಿ ಎರಡನೆಯ ಸಲ ರೊಟ್ಟಿ ಬಂದಾಗ ನೀನು ತಾಟನ್ನೇ ನೋಡುತ್ತ ಕೂಡುತ್ತೀಯಂತೆ. ಬಡಿಸುವವನಿಗೆ ತಾಟು ಖಾಲಿ ಇದ್ದದ್ದು ಕಾಣುತ್ತದೆ, ಹೊಟ್ಟೆ ಖಾಲಿ ಇದ್ದದ್ದು ಕಾಣುವುದಿಲ್ಲ. ಇಲ್ಲಿ ನಾವೆಲ್ಲ ಇದ್ದೇವೆ. ಮೊಣಕಾಲು ನನ್ನ ಮಾತು ಕೇಳುತ್ತಿಲ್ಲ, ಉಳಿದಂತೆ ಓಣಿಯೆಲ್ಲ ಕೇಳುತ್ತದೆ. ನಿಮ್ಮವ್ವ ಯಮನವ್ವ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಅಳುತ್ತಾಳೆ. ನೂಲು ತೊಯ್ಯುತ್ತದೆ, ಅತ್ತಕಡೆ ಹೋಗಿ ಅಳು ಎಂದು ಬೈದಿದ್ದೇನೆ.

ಅವಳು ಅಳುವುದು ಯಾಕೆಂದು ನಿನಗೆ ಗೊತ್ತು. ಅದು ನಮಗೂ ಗೊತ್ತಾಗಿದೆ ಎಂಬುದು ನಿನಗೆ ಗೊತ್ತಿಲ್ಲ. ನಮ್ಮ ಓಣಿಯ ಸಕ್ರಪ್ಪ ಸೀರೆಯ ಗಂಟು ಹೊತ್ತು ಧಾರವಾಡಕ್ಕೆ ಬಂದಾಗ ಅವನ ಕೈಯಲ್ಲಿ ನಿನಗೆ ಎಳ್ಳಹೋಳಿಗೆ ಕಳಿಸಿದ್ದೆ. ನೀನು ಕೋಣೆಯಲ್ಲಿರಲಿಲ್ಲ. ನಿನ್ನ ಜತೆಗಿರುವ ಮುಂಡರಗಿಯ ಅಂದಪ್ಪ ಅವನಿಗೆ ಎಲ್ಲ ಹೇಳಿದ. ಹಾಜರಿ ಕಡಿಮೆಯಾದವರ ಹೆಸರನ್ನು ಕಾಲೇಜಿನ ಹಲಗೆಗೆ ಹಚ್ಚಿದ್ದಾರೆ, ಅದರಲ್ಲಿ ನಿನ್ನದೂ ಇದೆ, ಮಾರ್ಚಿನ ಪರೀಕ್ಷೆಗೆ ನಿನ್ನನ್ನು ಕೂಡಿಸುವುದಿಲ್ಲ. ಜ್ವರ ಬಂದರೂ ಶಾಲೆ ಬಿಡದ ಹುಡುಗ ಗೈರುಹಾಜರು ಹೇಗಾದ? ಹೆಸರು ಕರೆದಾಗ ನೀನು ಹಿಂದಿನ ಬೆಂಚಿನಿಂದ ಸುಮ್ಮನೆ ಕೈ ಎತ್ತುತ್ತೀಯಂತೆ. ಆ ಪ್ರೊಫೆಸರ ಹಾಜರಿ ಪುಸ್ತಕದಿಂದ ತಲೆ ಎತ್ತುವುದಿಲ್ಲವಂತೆ. ಅವನ ಕಿವಿಗೆ ನೀನು ಬೀಳಲಿಲ್ಲ, ಕಣ್ಣಿಗಂತೂ ಬೀಳುವ ಹಾಗೇ ಇಲ್ಲ. ದಿನಾ ಹೋಗಿ ದಿನಾ ಇಲ್ಲವಾಗಿ ಬಂದಿದ್ದೀ.

ಆ ಕೈ ಎಲ್ಲಿಂದ ಬಂತೆಂದು ಯಾರೂ ನನಗೆ ಹೇಳಬೇಕಾಗಿಲ್ಲ. ಮಗ್ಗದ ಮನೆಯಲ್ಲಿ ಲಾಳಿಯ ಸಪ್ಪಳದೊಳಗೆ ಯಾರ ‘ಓ’ ಯಾರಿಗೆ ಕೇಳಬೇಕು? ಕರೆದರೆ ಕೈ ಎತ್ತುತ್ತೇವೆ. ನೀರು ಬೇಕಾದರೆ ಹೆಬ್ಬೆರಳು, ಕಂಡಿಕೆ ಬೇಕಾದರೆ ಕಿರುಬೆರಳು. ಮಾತಿಗಿಂತ ಮೊದಲು ನೀನು ಕಲಿತದ್ದು ಅದನ್ನೇ. ಓಣಿಯ ಶಾಲೆಯ ಮಾಸ್ತರೂ ನೇಕಾರರ ಪೈಕಿ, ಕೈ ನೋಡಿ ಹಾಜರಿ ಹಾಕುತ್ತಿದ್ದರು. ಸರಿ, ಅದು ರೂಢಿ ಎನ್ನೋಣ. ಹಲಗೆಯಲ್ಲಿ ಹೆಸರು ಕಂಡ ಮೇಲಾದರೂ ಹೋಗಿ ‘ನಾ ದಿನಾ ಬಂದೇನ್ರಿ’ ಎನ್ನಬಾರದಿತ್ತೇ? ‘ನಾ ಹೇಳ್ತೇನಿ, ನಡೀಲೇ’ ಎಂದು ಅಂದಪ್ಪ ಎದ್ದರೆ ಅವನ ಅಂಗಿ ಜಗ್ಗಿ ಕೂಡಿಸಿದೆಯಂತೆ. ದೀಪಾವಳಿಯ ಹೊತ್ತಿಗೆ ಕರ್ನಾಟಕ ಒಂದಾಯಿತೆಂದು ಗದಗಿನ ಬೀದಿಯಲ್ಲಿ ಹಲ್ಲಿಲ್ಲದ ಮುದುಕರೂ ಜೈಕಾರ ಹಾಕಿದರು. ನೀನು ಬರೀ ತುಟಿ ಅಲ್ಲಾಡಿಸುತ್ತಿದ್ದೆ, ನಾನು ನೋಡಿದ್ದೇನೆ. ನಾಡಿಗೆ ಬಾಯಿ ಬಂತು, ನಮ್ಮ ಮನೆಯ ಕೂಸಿಗೆ ಬರಲಿಲ್ಲ.

ನಿಮ್ಮಪ್ಪ ಲಕ್ಷ್ಮಪ್ಪ ಮೊದಲು ಕುಣಿದಾಡಿದ. ‘ಓದಾಕ ಹೋಗ್ಯಾನೋ, ತಿರಗಾಡಾಕ ಹೋಗ್ಯಾನೋ’ ಎಂದ. ನಾನು ಕೈಯ ಸಂಗತಿಯನ್ನು ಬಿಡಿಸಿ ಹೇಳಿದೆ. ಸಿಟ್ಟು ಇಳಿಯಿತು, ಇಳಿದದ್ದೇ ಕೇಡಾಯಿತು. ‘ಬಾಯಿ ಇಲ್ಲದಾವಗ ಮಗ್ಗಾನ ಚಲೋ ಬೇ ಅವ್ವಾ. ಮಗ್ಗ ಯಾರ ಹೆಸರೂ ಕೇಳೂದಿಲ್ಲ’ ಎಂದ. ನಿಮ್ಮಜ್ಜ ಹೋದ ಮೇಲೆ ಖಾಲಿ ಬಿದ್ದ ಮಗ್ಗದ ಧೂಳು ಝಾಡಿಸಿ ನಿನಗಾಗಿ ಉದ್ದನೂಲು ಎಳೆದು ಹೊಸ ಹಾಸು ಹೂಡಿದ್ದಾನೆ. ಸಿಟ್ಟಿನಿಂದ ಹೂಡಿದ್ದರೆ ಜಗಳಾಡಿ ಬಿಚ್ಚಿಸುತ್ತಿದ್ದೆ. ಪ್ರೀತಿಯಿಂದ ಹೂಡಿದ್ದಾನೆ. ಮಗ ಬೆದರಿ ಬರುತ್ತಾನೆ, ಒಂದು ಜಾಗ ಇರಲಿ ಎಂದು. ಅದಕ್ಕೇ ನನಗೆ ಹೆದರಿಕೆ. ಒಮ್ಮೆ ಆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತೆಯೆಂದರೆ ನಿನಗೂ ಹಿತವೆನಿಸೀತು.

ಮಾತು ಯಾರಿಗೂ ಹುಟ್ಟುತ್ತಲೇ ಬರುವುದಿಲ್ಲಪ್ಪಾ. ಲಕ್ಷ್ಮೇಶ್ವರದಲ್ಲಿ ಎರಡನೆಯ ಇಯತ್ತೆಯಿಂದ ನನ್ನನ್ನು ಎಬ್ಬಿಸಿ ಈ ಮನೆಗೆ ಕೊಟ್ಟಾಗ ನಾನೂ ಮೂಕಿಯೇ. ‘ಉಂಡೀಯೇನ’ ಎಂದು ಅತ್ತೆ ಕೇಳಿದರೆ ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದೆ. ಅವಳು ಹೌದೆಂದುಕೊಂಡು ಗಡಿಗೆ ತೊಳೆದಿಡುತ್ತಿದ್ದಳು. ಹಸಿದು ಹಸಿದು ಒಂದು ದಿನ ‘ಇಲ್ರಿ, ಉಂಡಿಲ್ಲ’ ಎಂದೆ. ಮಗ್ಗ ನಿಲ್ಲಿಸಿ ಎಲ್ಲರೂ ನೋಡಿದರು, ಅಷ್ಟು ದೊಡ್ಡದಾಗಿ ಬಂತು. ಹಸಿವೆ ಕಲಿಸಿದ ಮಾತು ಸಿಹಿ ಇರುವುದಿಲ್ಲ; ನನ್ನದು ಇವತ್ತಿಗೂ ಇಲ್ಲ. ಆದರೆ ಅಂದಿನಿಂದ ಗಡಿಗೆಯಲ್ಲಿ ನನ್ನ ಪಾಲು ಉಳಿಯಿತು. ನಿನ್ನ ಪಾಲನ್ನು ನೀನು ಕೇಳದಿದ್ದರೆ ಆ ಕಾಲೇಜು ಕೂಡ ಗಡಿಗೆ ತೊಳೆದಿಟ್ಟು ಮಲಗುತ್ತದೆ.

ಅಂದಪ್ಪನಿಗೆ ನನ್ನ ಆಶೀರ್ವಾದ ಹೇಳು. ಒಳ್ಳೆಯ ಹುಡುಗ, ಬಾಯಿ ಇದೆ. ಎಳ್ಳಹೋಳಿಗೆ ಅವನೇ ತಿಂದನೋ ನಿನಗೂ ಬಿಟ್ಟನೋ ಬರೆ. ಬನಶಂಕರಿ ನಿನ್ನ ನಾಲಿಗೆಯ ಮೇಲೆ ಒಂದು ಗಳಿಗೆ ಕೂಡಲಿ, ಹೆಚ್ಚು ಬೇಡ.

ನಿನ್ನ ಆಯಿ,
ಬನಶಂಕರೆವ್ವ

ತಾ.ಕ.: ಕಾಗದವನ್ನು ಟಪಾಲಿಗೆ ಹಾಕಲು ಸಕ್ರಪ್ಪ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸುತ್ತೇವಲ್ಲ, ಅವತ್ತೇ ನಿಮ್ಮಪ್ಪ ನಿನ್ನನ್ನು ಕರೆತರಲು ಗಾಡಿ ಹತ್ತುತ್ತಾನೆ. ಅಷ್ಟರೊಳಗೆ ಆ ಪ್ರೊಫೆಸರನ ಎದುರು ನಿಂತು ಬಾಯಿ ಬಿಡು. ಸಾಕ್ಷಿಗೆ ಅಂದಪ್ಪ ಇರಲಿ, ಮಾತು ನಿನ್ನದಿರಲಿ. ಇನ್ನೊಂದು ಸಂಗತಿ ಬರೆಯಬೇಡವೆಂದು ನಿಮ್ಮಪ್ಪ ಹೇಳಿದ್ದ. ನಮ್ಮ ಮನೆಯಲ್ಲಿ ಹೆಂಗಸರು ಮಗ್ಗದ ಕುಣಿಗೆ ಇಳಿಯುವುದಿಲ್ಲ. ನಾನು ನಿನ್ನೆ ಇಳಿದೆ. ನಿಮ್ಮಜ್ಜನ ಮಗ್ಗದಲ್ಲಿ ಕುಳಿತು ನಿನ್ನ ಹಾಸನ್ನು ನಾನೇ ನೇಯುತ್ತಿದ್ದೇನೆ. ಅಂಚು ಸೊಟ್ಟ ಬರುತ್ತದೆ, ಬರಲಿ. ನಿಮ್ಮಪ್ಪ ಮಾತು ಬಿಟ್ಟಿದ್ದಾನೆ, ಬಿಡಲಿ. ನೀನು ಸೋತು ಬಂದರೆ ನನ್ನೆದುರು ನಿಂತು ‘ಏಳು ಆಯಿ, ಅದು ನನ್ನ ಜಾಗಾ’ ಎಂದು ಓಣಿಗೆ ಕೇಳುವಂತೆ ಹೇಳಬೇಕಾಗುತ್ತದೆ. ಕೈ ಎತ್ತಿದರೆ ನನಗೂ ಕಾಣುವುದಿಲ್ಲ.