ಹೆಬ್ಬೆಟ್ಟಿನ ಮೇಲಿದ್ದ ಪ್ರಶ್ನೆ

ಫೆಬ್ರವರಿ ೩೦, ೨೩೧೮
ಕೋಲಾರದ ಹಳೆಯ ಗಣಿಯ ಬಾಯಿ

ಶ್ರೀ ಇಂದುಧರ ಅವರಿಗೆ ಸೊಣ್ಣಮ್ಮ ಮಾಡುವ ನಮಸ್ಕಾರ.

ನಿಮಗಿಂತ ಮುನ್ನೂರು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ, ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ಚಳಿಯ ತಿಂಗಳಿಗೆ ಎರಡು ದಿನ ಸೇರಿಸಿಕೊಂಡರು. ಆಸೆಗೆ ಮಿತಿಯುಂಟೇ? ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ.

ನಾವು ನೆಲದಡಿಯ ಜನ. ಮೇಲಿನ ಬಿಸಿಲಿಗೆ ಚಪ್ಪಲಿಯೂ ಕರಗುತ್ತದೆ. ಹಾಗಾಗಿ ಚಿನ್ನ ತೆಗೆದ ಸುರಂಗಗಳಲ್ಲೇ ನಮ್ಮ ಮನೆ, ಶಾಲೆ, ಸೊಪ್ಪಿನ ಮಡಿ. ಬೆಂಕಿ ಗಾಳಿಯನ್ನು ತಿನ್ನುತ್ತದೆಂದು ಬೀದಿಗೊಂದೇ ದೀಪ, ಅದೂ ದೇವರ ಮುಂದೆ. ಉಸಿರಾಡುವ ಗಾಳಿಯನ್ನು ಅಳೆಯುವುದಕ್ಕೆ ಗಾಳಿಮುಳ್ಳು ಇದೆ. ಮುಳ್ಳು ಇಳಿದರೆ ಫ್ಯಾನುಗಳು ಜೋರಾಗಿ ತಿರುಗುತ್ತವೆ. ಅವನ್ನು ನಡೆಸುವುದು ನಿಮ್ಮ ಕಾಲದ ತಂತ್ರಾಂಶ. ಅದು ಓಡುತ್ತಿದ್ದ ಕಂಪ್ಯೂಟರು ಎಂದೋ ಮಣ್ಣಾಯಿತು. ಅದಕ್ಕೆ ಆ ಸುದ್ದಿ ತಿಳಿಯದಂತೆ, ಹಳೆಯ ಕಂಪ್ಯೂಟರಿನ ವೇಷ ಹಾಕಿದ ಹುಸಿಯಂತ್ರದೊಳಗೆ ಇಟ್ಟು ಸಾಕುತ್ತಿದ್ದೇವೆ. ನೀವು ಅದನ್ನು ವರ್ಚುವಲ್ ಮಷೀನ್ ಅನ್ನುತ್ತಿದ್ದಿರಂತೆ.

ನನ್ನ ಕೆಲಸ ಎದುರೋದು. ಎಂದರೆ, ಯಾರೇ ಕೋಡ್ ಬದಲಾಯಿಸಲಿ, ಅದನ್ನು ಎಲ್ಲರೆದುರು ಓದಿ ಜಗಳ ತೆಗೆಯುವುದು. ಒಬ್ಬರಾದರೂ ಜಗಳವಾಡದೆ ನಮ್ಮಲ್ಲಿ ಒಂದು ಸಾಲೂ ಒಳಗೆ ಹೋಗದು. ಇವಳಿಗೆ ಹೇಳಿ ಮಾಡಿಸಿದ ಕೆಲಸ ಅನ್ನುತ್ತಾನೆ ನನ್ನ ಗಂಡ ನಾರೆಪ್ಪ. ಹುಸಿಯಂತ್ರದ ಕೋಡನ್ನು ಮಾತ್ರ ಹಿರಿಯರದ್ದೆಂದು ಕೈಮುಗಿದು ಬಿಟ್ಟಿದ್ದೆವು.

ನಿನ್ನೆ ಬೆಳಗ್ಗೆ ಹೊಸ ಮಾದರಿಯ ಗಾಳಿಮುಳ್ಳು ಕೂರಿಸಿದೆವು. ಸಂಜೆ ನಮ್ಮತ್ತೆ ದೇವರ ದೀಪ ಹಚ್ಚಿದರು, ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು.

"ದೀಪ ನಿಲ್ತಾ ಇಲ್ಲ ಕಣ್ರೋ! ಮಕ್ಕಳ್ನ ಎತ್ಕೊಂಡು ಮ್ಯಾಕೆ ಓಡ್ರೋ!"

"ಮುಳ್ಳು ಸರಿಯಾಗೇ ತೋರಿಸ್ತೈತಲ್ಲಮ್ಮ," ಅಂದ ನಾರೆಪ್ಪ. ಯಂತ್ರದ ಪರದೆಯಲ್ಲಿ ಮುಳ್ಳು ಬೆಳಗಿನ ಜಾಗದಲ್ಲೇ ನಿಂತಿತ್ತು. ಅತ್ತೆ ಕೇಳಲಿಲ್ಲ, ಬೈದು ಎಬ್ಬಿಸಿದರು. ಶಾಲೆಗೆ ಓಡಿ ನೋಡಿದರೆ ಮಕ್ಕಳೆಲ್ಲ ಹಲಗೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಹೊತ್ತು ತಂದೆವು. ಗಣಿಯ ಬಾಯಿಗೆ ಬಂದ ಮೇಲೆ ಒಂದೊಂದೇ ಮಗು ಎಚ್ಚರವಾಗಿ ಅತ್ತಿತು. ನನ್ನ ಮಗಳು ಚೆಲುವಿ ಇನ್ನೂ ಅತ್ತಿಲ್ಲ.

ಇವತ್ತು ಕೂತು ಹುಸಿಯಂತ್ರದ ಕೋಡ್ ಓದಿದೆ. ಮುಳ್ಳಿನ ಅಳತೆ ಬಂದು ಕೂರುವ ಜಾಗಕ್ಕೆ ಡಿವೈಸ್ ಮೆಮೊರಿ ಎಂದು ಹೆಸರು. ಅದನ್ನು ಪ್ರತಿಸಲವೂ ಮುಳ್ಳಿನಿಂದಲೇ ಓದಬೇಕು. ನಿಮ್ಮ ಕಾಲದಲ್ಲಿ ಯಾರೋ ವೇಗದ ಆಸೆಗೆ ಅದನ್ನು ಸಾಧಾರಣ ಮೆಮೊರಿ ಎಂದು ಬದಲಾಯಿಸಿದ್ದರು. ಆದ್ದರಿಂದ ಯಂತ್ರ ಒಮ್ಮೆ ಓದಿದ್ದನ್ನೇ ಜೋಪಾನವಾಗಿ ಇಟ್ಟುಕೊಂಡು, ಬೆಳಗಿನ ಗಾಳಿಯನ್ನೇ ಸಂಜೆಗೂ ಹೇಳುತ್ತಿತ್ತು. ಹಳೆಯ ಮುಳ್ಳು ಆ ಜಾಗವನ್ನು ಬಳಸುತ್ತಿರಲಿಲ್ಲವಾದ್ದರಿಂದ ಇಷ್ಟು ಕಾಲ ಬದುಕಿದ್ದೆವು.

ಆ ಬದಲಾವಣೆಯ ಕೆಳಗೆ ಮೇಲಕ್ಕೆತ್ತಿದ ಒಂದು ಹೆಬ್ಬೆಟ್ಟಿನ ಚಿತ್ರವಿತ್ತು. ಆಗೆಲ್ಲ ಕೋಡ್ ಒಪ್ಪುತ್ತಿದ್ದವರಿಗೆ ಓದಲು ಬರುತ್ತಿರಲಿಲ್ಲ, ಅದಕ್ಕೇ ಹೆಬ್ಬೆಟ್ಟು ಒತ್ತುತ್ತಿದ್ದರು ಎಂದು ನಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಪಾಪ ಅಂದುಕೊಂಡೆ. ಆಮೇಲೆ ಅದರ ಮೇಲಿನ ಸಾಲನ್ನು ಎರಡೆರಡು ಸಲ ಓದಿದೆ.

"ಇದು ಡಿವೈಸ್ ಮೆಮೊರಿ ಅಲ್ವಾ? ಪ್ರತಿಸಲ ಹೊಸದಾಗಿ ಓದ್ಬೇಕಲ್ವಾ?"

ಕೇಳಿದವರು ನೀವು, ಪಕ್ಕದಲ್ಲೇ ನಿಮ್ಮ ಹೆಸರಿತ್ತು. "ಟೆಸ್ಟ್ ಎಲ್ಲಾ ಪಾಸ್ ಆಗಿದೆ ಸರ್, ಇವತ್ತೇ ಹೋಗ್ಬೇಕು" ಎಂದಷ್ಟೇ ಉತ್ತರ. ಅದರ ಕೆಳಗೆ ನಿಮ್ಮ ಹೆಬ್ಬೆಟ್ಟು.

ಸ್ವಾಮಿ, ನಿಮಗೆ ಓದಲು ಬರುತ್ತಿತ್ತು! ಓದಿದ್ದಿರಿ, ಅರ್ಥವಾಗಿತ್ತು, ಕೇಳಿಯೂ ಇದ್ದಿರಿ. ನಾನು ಇಷ್ಟು ವರ್ಷ ಎದುರೋದಿದ್ದರಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಕಂಡಿಲ್ಲ. ಅದನ್ನು ಕೇಳಿ ಹಾಗೆ ಬಿಟ್ಟುಬಿಡುವುದಕ್ಕೆ ಮನಸ್ಸು ಹೇಗೆ ಬಂತು? ದಾಕ್ಷಿಣ್ಯವೇ?

ಈ ಪತ್ರ ನಿಮ್ಮ ಹೆಬ್ಬೆಟ್ಟಿಗಿಂತ ಮೊದಲು ತಲುಪಿದರೆ ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿ. ಎದುರಿನವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಅತ್ತೆ ಚೆಲುವಿಯ ಮೂಗಿನ ಹತ್ತಿರ ದೀಪ ಹಿಡಿದು ಕೂತಿದ್ದಾರೆ. ಅವಳ ಉಸಿರಿಗೆ ದೀಪದ ಕುಡಿ ಅಲ್ಲಾಡುತ್ತಿದೆ, ಕಣ್ಣು ಮಾತ್ರ ತೆರೆದಿಲ್ಲ. ನೀವು ಉತ್ತರಕ್ಕೆ ಕಾಯಿರಿ. ನಾನು ಇಲ್ಲಿ ಕಾಯುತ್ತಿದ್ದೇನೆ.

ಚೆಲುವಿಯ ತಾಯಿ,
ಸೊಣ್ಣಮ್ಮ